ಬಾಪೂಜಿ ನಗರಕ್ಕೆ ಪ್ಲೇಸ್ಟೇಷನ್ ಬಂದ ದಾರಿ

2024ರ ಏಪ್ರಿಲ್‌ನಲ್ಲಿ ಭಾರತದ ಅಂಗಡಿಗಳಿಗೆ ಬಂದ ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಸ್ಲಿಮ್ ಎಂಬ ಗೇಮ್ ಯಂತ್ರಕ್ಕೆ ಎರಡು ಬೆಲೆ ಇತ್ತು. ಡಿಸ್ಕ್ ಹಾಕಿ ಆಡುವಂಥದ್ದು 54,990 ರೂಪಾಯಿ, ಡಿಸ್ಕ್ ಡ್ರೈವ್ ಇಲ್ಲದೆ ಬರುವಂಥದ್ದು 44,990. ಒಳಗಿನ ಚಿಪ್ ಒಂದೇ, ತೆರೆಯ ಮೇಲೆ ಮೂಡುವ ಚಿತ್ರ ಒಂದೇ, ಆಟಗಳೂ ಅವೇ. ದುಡ್ಡು ಉಳಿಯುತ್ತದಲ್ಲ ಎಂದು ಎರಡನೆಯದರ ಕಡೆ ವಾಲುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟೇ: ಬಾಪೂಜಿ ನಗರದಂಥ ಕಡೆ ನಿಮ್ಮ ಮನೆಯಿದ್ದರೆ ಆ ಹೆಚ್ಚಿನ ದುಡ್ಡು ಕೊಟ್ಟುಬಿಡಿ. ಯಾಕೆ ಎಂದು ತಿಳಿಯಲು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬಾಪೂಜಿ ನಗರ ಬೆಂಗಳೂರಿನಲ್ಲಿ ಮೈಸೂರು ರಸ್ತೆಗೂ ವಿಜಯನಗರಕ್ಕೂ ನಡುವೆ ಬೆಳೆದ ಬಡಾವಣೆ. ಒಂದು ಕಡೆ ಗಾಳಿ ಆಂಜನೇಯನ ಗುಡಿ, ಹತ್ತಿರದಲ್ಲೇ ಸ್ಯಾಟಲೈಟ್ ಬಸ್ ನಿಲ್ದಾಣ, ಆಚೆಗೆ ಬಿಎಚ್‌ಇಎಲ್ ಕಾರ್ಖಾನೆ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಬಹುಪಾಲು ಬಾಡಿಗೆಯವು. ಗ್ಯಾರೇಜಿನವರು, ಕಾರ್ಖಾನೆ ನೌಕರರು, ಸಣ್ಣ ವ್ಯಾಪಾರದವರು ಇಲ್ಲಿನ ಹಳೇ ಕುಳಗಳು. ಇಂಥ ಕಡೆ ಒಂದು ಮನೆಗೆ ವಿಡಿಯೊ ಗೇಮ್ ಬಂದರೆ ಅದು ಆ ಮನೆಯದಷ್ಟೇ ಆಗಿ ಉಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಏಳೆಂಟು ಜೋಡಿ ಚಪ್ಪಲಿ ಬಿದ್ದಿರುತ್ತವೆ.

ಮೊದಲು ಬಂದದ್ದು ಕ್ಯಾಸೆಟ್ ಹಾಕುವ ಗೇಮು. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು ಹೊರತಂದಿತು. ಅದರ ಪಡಿಯಚ್ಚುಗಳು ತೈವಾನ್, ಚೀನಾಗಳಲ್ಲಿ ತಯಾರಾಗಿ ತೊಂಬತ್ತರ ದಶಕದಲ್ಲಿ ನಮ್ಮಲ್ಲಿಗೆ ಬಂದವು. ಮೀಡಿಯಾ, ಟರ್ಮಿನೇಟರ್ ಹೀಗೆ ಹೆಸರು ಬೇರೆ ಬೇರೆ, ಒಳಗಿನ ಸರಕು ಒಂದೇ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿ, ಚೌಕಾಸಿ ಮಾಡಿ, ರಟ್ಟಿನ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತರುತ್ತಿದ್ದರು. ಟಿವಿಯ ಆಂಟೆನಾ ತೂತಿಗೆ ವೈರ್ ಸಿಕ್ಕಿಸಿ, ಚಾನೆಲ್ ತಿರುಗಿಸುತ್ತಾ ಹೋದರೆ ಬಿಳಿ ಚುಕ್ಕೆಗಳ ನಡುವಿನಿಂದ ಮಾರಿಯೊ ಎದ್ದು ಬರುತ್ತಿದ್ದ.

ಆ ಕ್ಯಾಸೆಟ್ಟನ್ನು ಬಿಚ್ಚಿ ನೋಡಿದವರಿಗೆ ಗೊತ್ತು, ಒಳಗೆ ಹೆಚ್ಚೇನೂ ಇರಲಿಲ್ಲ. ಅಂಗೈ ಅಗಲದ ಹಸಿರು ಬೋರ್ಡು. ನಡುವೆ ಟಾರು ತೊಟ್ಟಿಕ್ಕಿದ ಹಾಗೆ ಒಂದು ಕರಿ ಗುಳ್ಳೆ. ಚಿಪ್ ಇದ್ದದ್ದು ಅದರಡಿಯಲ್ಲಿ. ಕೆಳಗಂಚಿನಲ್ಲಿ ಎರಡೂ ಬದಿ ಸೇರಿ ಅರವತ್ತು ಲೋಹದ ಹಲ್ಲುಗಳು. ಒಂದು ಹಲ್ಲಿಗೆ ಧೂಳು ಹಿಡಿದರೂ ಪರದೆ ತುಂಬ ಬಣ್ಣದ ಚೌಕಗಳು. ಆಗ ಬಾಯಿಂದ ಊದಿ ಮತ್ತೆ ತುರುಕುವುದು ಎಲ್ಲರ ಮನೆಯ ರಿಪೇರಿ. ನಿಜವಾಗಿ ಕೆಲಸ ಮಾಡುತ್ತಿದ್ದುದು ಊದುವುದಲ್ಲ, ತೆಗೆದು ಮತ್ತೆ ಕೂರಿಸುವುದು; ಉಸಿರಿನ ತೇವ ಆ ಹಲ್ಲುಗಳಿಗೆ ಕೆಡುಕೇ. ಪೆಟ್ಟಿಗೆ ಮೇಲೆ ‘9999999 ಇನ್ 1’ ಎಂದಿದ್ದರೂ ಒಳಗಿರುತ್ತಿದ್ದುದು ಬೆರಳೆಣಿಕೆಯ ಆಟಗಳು, ಅವೇ ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು. ಈ ಅಗ್ಗದ ಕ್ಯಾಸೆಟ್‌ಗಳಲ್ಲಿ ಆಟವನ್ನು ಉಳಿಸಿಡುವ ಏರ್ಪಾಡು ಇರಲಿಲ್ಲ. ಕಾಂಟ್ರಾ ಆಟದ ಕೊನೆಯ ಹಂತದಲ್ಲಿ ಕರೆಂಟು ಹೋದರೆ ಮತ್ತೆ ಮೊದಲಿಂದ.

ಆದರೂ ಆ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಗುತ್ತಿತ್ತು. ನಿನ್ನದು ನನಗೆ ಒಂದು ವಾರ, ನನ್ನದು ನಿನಗೆ ಒಂದು ವಾರ. ಎಲ್ಲರ ಯಂತ್ರಕ್ಕೂ ಅದೇ ಅರವತ್ತು ಹಲ್ಲಿನ ಬಾಯಿ, ಹಾಗಾಗಿ ಯಾರದ್ದು ಯಾರಿಗಾದರೂ ಹೊಂದುತ್ತಿತ್ತು. ಇದಕ್ಕೆ ಎದುರಾಳಿ ಇರಲಿಲ್ಲವೆಂದಲ್ಲ. ಅಮೆರಿಕದಲ್ಲಿ ನಿಂಟೆಂಡೊ ಜತೆ ಸಮಸಮ ಸೆಣಸುತ್ತಿದ್ದ ಸೇಗಾ, 1995ರಲ್ಲಿ ಶಾ ವ್ಯಾಲೆಸ್ ಕಂಪನಿಯ ಮೂಲಕ ಭಾರತಕ್ಕೆ ಮೆಗಾ ಡ್ರೈವ್ ಎಂಬ ಯಂತ್ರ ತಂದಿತು. ಶೇ 80ರಷ್ಟಿದ್ದ ಆಮದು ಸುಂಕವನ್ನು ತಪ್ಪಿಸಲೆಂದೇ ಮಾಡಿಕೊಂಡ ಒಪ್ಪಂದ ಅದು. ಹಾಗಿದ್ದೂ ಬೆಲೆ 18,000 ರೂಪಾಯಿ. ಆ ಕಾಲಕ್ಕೆ ಅದು ಕಾರ್ಖಾನೆ ನೌಕರನ ಎಷ್ಟು ತಿಂಗಳ ಸಂಬಳ ಎಂದು ಲೆಕ್ಕ ಹಾಕಿದರೆ, ನಮ್ಮ ಬೀದಿಗಳಲ್ಲಿ ಅದು ಯಾಕೆ ಕಾಣಲಿಲ್ಲ ಎಂಬುದು ತಿಳಿಯುತ್ತದೆ. ಅಷ್ಟು ದುಡ್ಡು ಕೊಟ್ಟು ತಂದವನಿಗೂ ಕ್ಯಾಸೆಟ್ ಬದಲಾಯಿಸಿಕೊಳ್ಳಲು ಅಕ್ಕಪಕ್ಕ ಇನ್ನೊಬ್ಬ ಇರಬೇಕಲ್ಲ.

ಸೋನಿ ಈ ಕಣಕ್ಕೆ ಇಳಿದದ್ದೇ ಒಂದು ಜಗಳದಿಂದ. ನಿಂಟೆಂಡೊದ ಯಂತ್ರಕ್ಕೆ ಸಿಡಿ ಡ್ರೈವ್ ಮಾಡಿಕೊಡಲು ಸೋನಿ ಒಪ್ಪಿಕೊಂಡಿತ್ತು. 1991ರ ಜೂನ್‌ನಲ್ಲಿ ಶಿಕಾಗೊದ ಪ್ರದರ್ಶನದಲ್ಲಿ ಸೋನಿ ಅದನ್ನು ಘೋಷಿಸಿದ ಮರುದಿನವೇ ನಿಂಟೆಂಡೊ ತಾನು ಫಿಲಿಪ್ಸ್ ಜತೆ ಹೋಗುವುದಾಗಿ ಹೇಳಿತು. ಆ ಅವಮಾನದ ನಂತರ ಕೆನ್ ಕುತರಗಿ ಎಂಬ ಎಂಜಿನಿಯರ್ ಹಟ ಹಿಡಿದು ಕಟ್ಟಿದ ಯಂತ್ರ 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಆಗಿ ಹೊರಬಂತು. ಕ್ಯಾಸೆಟ್ ಹೋಗಿ ಸಿಡಿ ಬಂತು. ಚಿಪ್ ತಯಾರಿಸುವುದಕ್ಕಿಂತ ಸಿಡಿ ಒತ್ತುವುದು ಎಷ್ಟೋ ಅಗ್ಗ. ನಕಲು ಮಾಡುವುದೂ ಅಷ್ಟೇ ಅಗ್ಗ ಎಂಬುದು ಆಮೇಲೆ ಗೊತ್ತಾಯಿತು.

ಬಾಪೂಜಿ ನಗರದ ಮಟ್ಟಿಗೆ ನಿಜವಾದ ತಿರುವು ಪಿಎಸ್2. ಜಪಾನಿನಲ್ಲಿ 2000ದ ಮಾರ್ಚ್ 4ರಂದು ಹುಟ್ಟಿದ ಇದು ಜಗತ್ತಿನಲ್ಲಿ 16 ಕೋಟಿ ಮಾರಾಟವಾಯಿತು; ಟಿವಿಗೆ ಜೋಡಿಸಿ ಆಡುವ ಬೇರಾವ ಕನ್ಸೋಲ್ ಕೂಡ ಆಗ ಅದರ ಹತ್ತಿರ ಸುಳಿಯಲಿಲ್ಲ. ಇಲ್ಲಿ ಅದು ಗೆದ್ದದ್ದಕ್ಕೆ ಕಾರಣಗಳು ತೀರಾ ಮನೆಯೊಳಗಿನವು. ಮನೆಯಲ್ಲಿದ್ದ ಹಳೇ ದಪ್ಪ ಟಿವಿಗೆ ಹಳದಿ, ಬಿಳಿ, ಕೆಂಪು ಪಿನ್ನುಗಳನ್ನು ಸಿಕ್ಕಿಸಿದರೆ ಸಾಕಿತ್ತು. 8 ಎಂಬಿ ಮೆಮೊರಿ ಕಾರ್ಡಿನಲ್ಲಿ ಆಟ ಉಳಿಯುತ್ತಿತ್ತು, ಕರೆಂಟ್ ಹೋದರೂ ಹಿಂದೆ ಉಳಿಸಿಟ್ಟಿದ್ದು ಅಳಿದುಹೋಗುತ್ತಿರಲಿಲ್ಲ. ‘ಇದರಲ್ಲಿ ಸಿನಿಮಾ ಡಿವಿಡಿನೂ ಹಾಕಬಹುದಪ್ಪಾ’ ಎಂಬ ಒಂದು ಮಾತು ಎಷ್ಟೋ ಅಪ್ಪಂದಿರನ್ನು ಒಪ್ಪಿಸಿತು. ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಕೆಟ್. ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಬಂದದ್ದು ಕಂಪ್ಯೂಟರಿಗೆ ಮತ್ತು ಪಿಎಸ್2ಗೆ ಮಾತ್ರ.

ನಕಲಿ ಡಿಸ್ಕುಗಳ ಪಾಲನ್ನೂ ಹೇಳದೆ ಬಿಟ್ಟರೆ ಈ ಕಥೆ ಸುಳ್ಳಾಗುತ್ತದೆ. ಯಂತ್ರ ಬಿಚ್ಚಿ ಒಳಗೊಂದು ಪುಟ್ಟ ಚಿಪ್ ಬೆಸುಗೆ ಹಾಕಿಸಿದರೆ ಬರೆದ ಡಿಸ್ಕುಗಳೂ ಓಡುತ್ತಿದ್ದವು. ಅಸಲಿ ಡಿಸ್ಕಿನ ಬೆಲೆಯ ಒಂದು ಚೂರಿಗೆ ಅವು ಸಿಗುತ್ತಿದ್ದವು. ಅದು ಕಳ್ಳ ಮಾಲು, ಸಮರ್ಥಿಸುವಂಥದ್ದಲ್ಲ. ಆದರೆ ಒಂದು ತಲೆಮಾರಿನ ಹುಡುಗರ ಕೈಗೆ ಆ ಯಂತ್ರದ ಪರಿಚಯ ಕೂರಿಸಿದ್ದು ಅದೇ. ಬಿಸಿಗೆ, ಧೂಳಿಗೆ ಲೆನ್ಸ್ ಮಂಕಾದರೆ ಒರೆಸಿಕೊಡುವವರು ಎಸ್.ಪಿ. ರಸ್ತೆಯಲ್ಲಿ ಸಿಗುತ್ತಿದ್ದರು. ಗಂಟೆಗಿಷ್ಟು ಎಂದು ಕಾಸು ಕೊಟ್ಟು ಆಡುವ ಗೇಮ್ ಅಂಗಡಿಗಳಲ್ಲೂ ಅದೇ ಯಂತ್ರ. 2013ರ ಜನವರಿಯಲ್ಲಿ ಸೋನಿ ಪಿಎಸ್2 ತಯಾರಿಕೆ ನಿಲ್ಲಿಸಿದ್ದಾಗಿ ಹೇಳುವ ಹೊತ್ತಿಗೆ, ಹೊಸದನ್ನು ಕೊಳ್ಳುವಾಗಲೂ ಕೈ ತಾನಾಗಿ ಆ ಕಂಪನಿಯ ಕಡೆಗೇ ಹೋಗುವ ಅಭ್ಯಾಸ ಊರಿ ಕೂತಿತ್ತು.

ಮೈಕ್ರೊಸಾಫ್ಟ್ ಸುಮ್ಮನೆ ಕೂರಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ, ಪಿಎಸ್3ಗಿಂತ ಮೊದಲೇ, ಎಕ್ಸ್‌ಬಾಕ್ಸ್ 360 ಭಾರತಕ್ಕೆ ಬಂತು. ಪ್ರಚಾರಕ್ಕೆ ಅಕ್ಷಯ್ ಕುಮಾರ್, ಯುವರಾಜ್ ಸಿಂಗ್. ಆರಂಭದ ಬೆಲೆ 19,990 ರೂಪಾಯಿ. ಮುಂದಿನ ಏಪ್ರಿಲ್‌ನಲ್ಲಿ ಬಂದ ಪಿಎಸ್3ಗೆ 39,990. ಬೆಲೆಯೊಂದೇ ತೀರ್ಮಾನಿಸುವುದಾಗಿದ್ದರೆ ಅಲ್ಲಿಗೇ ಕಥೆ ಮುಗಿಯಬೇಕಿತ್ತು. ಆದರೆ 360ರಲ್ಲಿ ಮುಂಭಾಗದ ಕೆಂಪು ದೀಪ ಹತ್ತಿಸಿ ಸತ್ತುಹೋಗುವ ಕಾಯಿಲೆ ಜಗತ್ತಿನಾದ್ಯಂತ ಕಾಣಿಸಿಕೊಂಡಿತು. 2007ರಲ್ಲಿ ಕಂಪನಿ ಅದಕ್ಕಾಗಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ನಮ್ಮಲ್ಲಿ ಹಲವರು ಈ ಎರಡನ್ನೂ ಬಿಟ್ಟು ಪಿಎಸ್2ನಲ್ಲೇ ಉಳಿದರು. ಹೈ ಡೆಫಿನಿಷನ್ ಟಿವಿ ಮನೆಗೆ ಬರದೆ ಆ ಯಂತ್ರಗಳ ಚಂದ ಕಾಣುವುದೂ ಇರಲಿಲ್ಲ.

ಮುಂದಿನ ಸುತ್ತಿನ ತೀರ್ಪು ಬಂದದ್ದು ಡಿಸ್ಕಿನ ಮೇಲೆಯೇ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಘೋಷಿಸಿದ ಮೈಕ್ರೊಸಾಫ್ಟ್, ಆಡಿದ ಡಿಸ್ಕನ್ನು ಇನ್ನೊಬ್ಬರಿಗೆ ಕೊಡುವುದಕ್ಕೆ, ಮಾರುವುದಕ್ಕೆ ಕಟ್ಟುಪಾಡು ಹಾಕಲು ಹೊರಟಿತು. ಇದರ ಹಿಂದಿನ ಲೆಕ್ಕ ಸರಳ. ಯಂತ್ರ ಮಾರಿ ಕಂಪನಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ, ಎಷ್ಟೋ ಸಲ ನಷ್ಟ. ಅದು ಗಳಿಸುವುದು ಮಾರಾಟವಾದ ಪ್ರತಿ ಹೊಸ ಆಟದ ಮೇಲೆ. ಒಂದೇ ಡಿಸ್ಕು ಐದು ಮನೆ ಸುತ್ತಿದರೆ ನಾಲ್ಕು ಮಾರಾಟ ತಪ್ಪಿದಂತೆ. ಸೋನಿ ಮಾತ್ರ ಜೂನ್‌ನಲ್ಲಿ ಒಂದು ಪುಟ್ಟ ವಿಡಿಯೊ ಬಿಟ್ಟಿತು: ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಮುಗಿಯಿತು. ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟ್ ಹಿಂದೆ ಸರಿಯಿತು, ಆದರೆ ಆಡಿದ ಮಾತು ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಪಿಎಸ್4 ಇಲ್ಲಿಗೆ 2014ರ ಜನವರಿ 6ರಂದು ಬಂತು. ಎಕ್ಸ್‌ಬಾಕ್ಸ್ ಒನ್ ಬರುವಾಗ ಸೆಪ್ಟೆಂಬರ್. ಬೆಲೆ ಎರಡಕ್ಕೂ 39,990ರಿಂದ ಶುರು. ಎಕ್ಸ್‌ಬಾಕ್ಸ್ ಮೊದಲಿಗೆ ಸಿಕ್ಕಿದ್ದು ಅಮೆಜಾನ್‌ನಲ್ಲಿ ಮಾತ್ರ. ಡಾ. ರಾಜ್‌ಕುಮಾರ್ ರಸ್ತೆಯ ಬ್ರಿಗೇಡ್ ಗೇಟ್‌ವೇಯಲ್ಲಿ ಆಗ ಅಮೆಜಾನ್‌ನ ಕಚೇರಿ ಇತ್ತು, ರಾಜಾಜಿನಗರದ ಪಕ್ಕದಲ್ಲೇ. ಆದರೂ ಕೌಂಟರಿನಲ್ಲಿ ನಿಂತು, ಮುಟ್ಟಿ ನೋಡಿ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಪಶ್ಚಿಮ ಬೆಂಗಳೂರಿನ ಗಿರಾಕಿಗೆ ಎಕ್ಸ್‌ಬಾಕ್ಸ್ ದೂರವೇ ಆಯಿತು. ಅಂಗಡಿಯಲ್ಲಿ ಡಿಸ್ಕಿಲ್ಲ, ಗೆಳೆಯರ ಮನೆಯಲ್ಲಿ ಡಿಸ್ಕಿಲ್ಲ, ಆಮೇಲೆ ಕೊಳ್ಳುವವರಾದರೂ ಯಾರು?

ಈಗಿನ ಆಯ್ಕೆಯ ಮಾತಿಗೆ ಬರೋಣ. ಪಿಎಸ್5ಗೆ ಬಂದ ಸೋನಿಯ ಸ್ವಂತ ಆಟಗಳಲ್ಲಿ ಹಲವಕ್ಕೆ ಬಿಡುಗಡೆಯ ಬೆಲೆ 4,999 ರೂಪಾಯಿ ಇತ್ತು. ಡಿಸ್ಕಾದರೆ ಆಡಿ ಮುಗಿಸಿ ಮಾರಬಹುದು, ಬದಲಾಯಿಸಿಕೊಳ್ಳಬಹುದು. ಡೌನ್‌ಲೋಡ್ ಆದರೆ ಅದು ನಿಮ್ಮ ಖಾತೆಗೆ ಅಂಟಿದ್ದು. ನಾಲ್ಕೈದು ಆಟ ಕೈ ಬದಲಾಯಿಸಿದರೆ ಆ ಹೆಚ್ಚಿನ ದುಡ್ಡು ಹುಟ್ಟಿಬಿಡುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ 34,990ಕ್ಕೆ ಬಂದಾಗ ಅಗ್ಗ ಎನಿಸಿದ್ದು ನಿಜ. ಅದಕ್ಕೆ ಡಿಸ್ಕ್ ಇಲ್ಲ, ಆಟಗಳನ್ನು ಡೌನ್‌ಲೋಡ್ ಆಗಿ ಕೊಳ್ಳಬೇಕು, ಇಲ್ಲವೇ ತಿಂಗಳ ಚಂದಾ ಕಟ್ಟಿ ಆಡಬೇಕು. ಒಬ್ಬನೇ ಮಗ, ಗಟ್ಟಿ ಬ್ರಾಡ್‌ಬ್ಯಾಂಡ್, ದಿನಕ್ಕೊಂದು ಹೊಸ ಆಟ ಬೇಕೆನ್ನುವ ಮನೆಗೆ ಅದು ಸರಿಹೋದೀತು. ಚಂದಾ ನಿಲ್ಲಿಸಿದ ದಿನ ಚಂದಾದ ಆಟಗಳೂ ನಿಲ್ಲುತ್ತವೆ ಎಂಬುದನ್ನು ತಿಳಿದೇ ಕೊಳ್ಳಬೇಕು. ನಿಂಟೆಂಡೊ ಸ್ವಿಚ್ ಪುಟ್ಟ ಮಕ್ಕಳಿಗೆ ಎಲ್ಲಕ್ಕಿಂತ ಚೆಂದದ ಯಂತ್ರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಂಪನಿ ಅದನ್ನು ಇಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ, ಕೆಟ್ಟರೆ ಕೇಳುವವರಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ನಮ್ಮ ಪುರಾಣಗಳನ್ನು ಆಧರಿಸಿ ಕಟ್ಟಿದ ‘ರಾಜಿ’ 2020ರ ಆಗಸ್ಟ್‌ನಲ್ಲಿ ಮೊದಲು ಬಿಡುಗಡೆಯಾದದ್ದೇ ಆ ಸ್ವಿಚ್‌ನಲ್ಲಿ, ಇದು ನನಗೆ ಈಗಲೂ ನೋವು ಕೊಡುವ ಸಂಗತಿ.

ಎಲ್ಲದಕ್ಕೂ ಮೊದಲು ಮಾಡಬೇಕಾದ ಕೆಲಸ, ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಅವರ ಗೆಳೆಯರ ಮನೆಗಳಲ್ಲಿ ಯಾವ ಯಂತ್ರವಿದೆ ಎಂದು ವಿಚಾರಿಸುವುದು. ಈಚೆಗೆ ಹಲವು ಆಟಗಳನ್ನು ಬೇರೆ ಬೇರೆ ಯಂತ್ರದವರು ಆನ್‌ಲೈನಿನಲ್ಲಿ ಒಟ್ಟಿಗೆ ಆಡಬಹುದು; 2018ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್‌ಗಾಗಿ ಸೋನಿಯೂ ಆ ಬಾಗಿಲು ತೆರೆಯಿತು. ಡಿಸ್ಕು ಮಾತ್ರ ಒಂದು ಕಂಪನಿಯದ್ದು ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ಡಿಸ್ಕಿನ ಹೊದಿಕೆ ಮೇಲಿನ ವಯಸ್ಸಿನ ಅಂಕಿಯನ್ನೂ ನೋಡಿ. ಹುಡುಗರು ಹಂಬಲಿಸುವ ಗ್ರ್ಯಾಂಡ್ ಥೆಫ್ಟ್ ಆಟೊ ಮೇಲೆ 18 ಎಂದು ದೊಡ್ಡದಾಗಿಯೇ ಇರುತ್ತದೆ. ಅದನ್ನು ಹೊರತರುವ ರಾಕ್‌ಸ್ಟಾರ್ ಕಂಪನಿಯ ಒಂದು ಸ್ಟುಡಿಯೊ ಇರುವುದು ನಮ್ಮ ಬೆಂಗಳೂರಿನಲ್ಲೇ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಗೇಮ್ ಸ್ಟುಡಿಯೊವನ್ನು 2019ರಲ್ಲಿ ಕೊಂಡು ರಾಕ್‌ಸ್ಟಾರ್ ತನ್ನ ಬಳಗ ಹಿಗ್ಗಿಸಿಕೊಂಡಿತು. ಕ್ಯಾಸೆಟ್ ಊದಿ ಬೆಳೆದ ತಲೆಮಾರಿನವರು ಇವತ್ತು ಅಂಥ ಸ್ಟುಡಿಯೊಗಳ ಮೇಜುಗಳ ಮುಂದೆ ಕೂತಿದ್ದಾರೆ.