ಹತ್ತು ಪೋರ್ಟ್, ಒಂದೇ ಓಣಿ

ಮಕ್ಕಳ ಫೋಟೊ, ಮದುವೆಯ ವಿಡಿಯೊ, ಹಳೆಯ ಹಾಡುಗಳು ಬೆಳೆದಂತೆಲ್ಲ ಮನೆಯ ಕಂಪ್ಯೂಟರಿಗೆ ಹಾರ್ಡ್‌ಡಿಸ್ಕ್‌ಗಳು ಒಂದೊಂದಾಗಿ ಸೇರುತ್ತವೆ. ಮದರ್‌ಬೋರ್ಡಿನಲ್ಲಿರುವುದು ಸಾಮಾನ್ಯವಾಗಿ ನಾಲ್ಕೋ ಆರೋ ಸಾಟಾ ಪೋರ್ಟ್. ಅವು ತುಂಬಿದ ಮೇಲೆ ಕಂಟ್ರೋಲರ್ ಕಾರ್ಡ್ ಕೊಳ್ಳಬೇಕು. ಕೊಳ್ಳುವಾಗ ಎಲ್ಲರೂ ಪೋರ್ಟ್‌ಗಳನ್ನು ಎಣಿಸುತ್ತಾರೆ. ಅದಕ್ಕೂ ಮೊದಲು ಚಿಪ್ಪಿನ ಹೆಸರು ಕೇಳಬೇಕು.

ಪ್ರೊಸೆಸರಿನ ಕಡೆ ಪಿಸಿಐ ಎಕ್ಸ್‌ಪ್ರೆಸ್, ಡಿಸ್ಕಿನ ಕಡೆ ಸಾಟಾ. ನಡುವೆ ದುಭಾಷಿಯಾಗಿ ಕೂತಿರುವುದೇ ಆ ಚಿಪ್. ಪಿಸಿಐ ಎಕ್ಸ್‌ಪ್ರೆಸ್ 3.0ರ ಒಂದು ಲೇನ್ ಸೆಕೆಂಡಿಗೆ ಸುಮಾರು 985 ಎಂಬಿ ಸಾಗಿಸುತ್ತದೆ. ಇಂದಿನ ದೊಡ್ಡ ಹಾರ್ಡ್‌ಡಿಸ್ಕ್ ಕೊಡುವುದು ಸುಮಾರು 250 ಎಂಬಿ. ಎರಡು ಲೇನ್ ಬಳಸುವ ಜೆಎಂಬಿ585 ಚಿಪ್ಪಿಗೆ ಐದು ಪೋರ್ಟ್, ಎಎಸ್‌ಎಂ1166ಕ್ಕೆ ಆರು. ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಓಡಿದರೂ ಇಲ್ಲಿ ಇಕ್ಕಟ್ಟಿಲ್ಲ.

ಅಗ್ಗದ ಹತ್ತು ಪೋರ್ಟಿನ ಕಾರ್ಡ್‌ಗಳಲ್ಲಿ ಹಲವು ‘ಪೋರ್ಟ್ ಮಲ್ಟಿಪ್ಲಯರ್’ ನಂಬಿಕೊಂಡಿರುತ್ತವೆ. 600 ಎಂಬಿಯ ಒಂದೇ ಸಾಟಾ ದಾರಿಯನ್ನು ಐದು ಡಿಸ್ಕ್‌ಗಳು ಹಂಚಿಕೊಂಡರೆ ತಲಾ 120 ಎಂಬಿ. ನಿಧಾನವನ್ನಾದರೂ ಸಹಿಸಬಹುದು, ಒಂದು ಡಿಸ್ಕ್ ತಡವರಿಸಿ ಸಂಪರ್ಕ ರೀಸೆಟ್ ಆದರೆ ಅದೇ ದಾರಿಯ ಉಳಿದ ನಾಲ್ಕೂ ಕಣ್ಮರೆಯಾಗಬಹುದು. ಕೆಟ್ಟ ಡಿಸ್ಕ್ ಬದಲಿಸಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಜೋಡಣೆ) ಮರುಕಟ್ಟುವಾಗ ಉಳಿದ ಡಿಸ್ಕ್‌ಗಳನ್ನೆಲ್ಲ ಗಂಟೆಗಟ್ಟಲೆ ಒಟ್ಟಿಗೆ ಓದಬೇಕಾಗುತ್ತದೆ. ದುರ್ಬಲ ಕಾರ್ಡಿಗೆ ನಿಜವಾದ ಪರೀಕ್ಷೆ ಆ ಹೊತ್ತು.

ಎಂಟು ಡಿಸ್ಕ್‌ಗಳಿದ್ದರೆ ಸರ್ವರ್‌ಗಳಿಗೆಂದೇ ಮಾಡಿದ ಎಲ್‌ಎಸ್‌ಐ 9211-8ಐ ಥರದ ಸ್ಯಾಸ್ ಅಡಾಪ್ಟರ್ ಒಳ್ಳೆಯದು; ಸಾಟಾ ಡಿಸ್ಕ್‌ಗಳೂ ಅದರಲ್ಲಿ ನಡೆಯುತ್ತವೆ. ಫರ್ಮ್‌ವೇರ್ ‘ಐಟಿ ಮೋಡ್’ನಲ್ಲಿರಲಿ. ಆಗ ಕಾರ್ಡ್ ತನ್ನ ಲೆಕ್ಕಾಚಾರ ಸೇರಿಸದೆ ಡಿಸ್ಕನ್ನು ಇದ್ದಂತೆಯೇ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಸರ್ವರಿನ ಜೋರು ಗಾಳಿಗೆ ಒಗ್ಗಿದ ಈ ಕಾರ್ಡ್ ಮನೆಯ ಕ್ಯಾಬಿನೆಟ್ಟಿನಲ್ಲಿ ಬಿಸಿಯೇರುತ್ತದೆ. ಹೀಟ್‌ಸಿಂಕಿಗೆ ಪುಟ್ಟ ಫ್ಯಾನ್ ಬೇಕೇ ಬೇಕು.

ಹಾರ್ಡ್‌ವೇರ್ ರೇಡ್ ಕಾರ್ಡ್ ದತ್ತಾಂಶವನ್ನು ತನ್ನದೇ ಕ್ರಮದಲ್ಲಿ ಹಂಚಿ ಬರೆಯುತ್ತದೆ. ಅದು ಸತ್ತರೆ ಸಾಮಾನ್ಯವಾಗಿ ಅದೇ ಜಾತಿಯ ಇನ್ನೊಂದು ಕಾರ್ಡ್ ಹುಡುಕಬೇಕು. ಆ ಕೆಲಸವನ್ನು ಝಡ್‌ಎಫ್‌ಎಸ್ ಅಥವಾ ಲಿನಕ್ಸಿನ ಎಂಡಿ ರೇಡಿನಂಥ ಸಾಫ್ಟ್‌ವೇರಿಗೆ ವಹಿಸಿದರೆ ಡಿಸ್ಕ್‌ಗಳನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರಾಯಿತು.

ಹೊಸ ಕಾರ್ಡ್ ಹಾಕಿದ ದಿನವೇ ಫೋಟೊ ತುಂಬಬೇಡಿ. ರಾತ್ರಿಯಿಡೀ ಎಲ್ಲ ಡಿಸ್ಕ್‌ಗಳನ್ನೂ ಒಟ್ಟಿಗೆ ಓದಿಸಿ. ಬೆಳಿಗ್ಗೆ ಡಿಸ್ಕ್ ತನ್ನ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಸಿಆರ್‌ಸಿ ದೋಷದ (ದತ್ತಾಂಶ ಸಾಗಣೆಯಲ್ಲಾದ ತಪ್ಪಿನ) ಸಂಖ್ಯೆ ಏರಿದ್ದರೆ ಮೊದಲು ಕೇಬಲ್ ಬದಲಿಸಿ, ಮತ್ತೊಂದು ರಾತ್ರಿ ಓಡಿಸಿ. ಆಗಲೂ ಏರಿದರೆ ಕಾರ್ಡನ್ನೇ ಹಿಂದಿರುಗಿಸಿ. ಫೋಟೊಗಳ ಇನ್ನೊಂದು ಪ್ರತಿ ಮಾತ್ರ ಈ ಪೆಟ್ಟಿಗೆಯ ಹೊರಗೇ ಇರಲಿ.