ಹಾಲಿದೆ, ಹಂಸ ಬೇಕು

ಯಶವಂತನಗರದ ಹಾದಿಯಲ್ಲಿ ಅದಿರು ಹೊತ್ತ ಬಂಡಿಗಳನ್ನು ಕಾಣದವರಿಲ್ಲ. ಸಂಡೂರಿನ ಬೆಟ್ಟಗಳ ಕೆಂಪು ಮಣ್ಣು ಬಹುಕಾಲ ಮಣ್ಣಾಗಿಯೇ ಹಡಗು ಹತ್ತಿ ಪರದೇಶಕ್ಕೆ ಹೋಯಿತು. ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ, 2010ರಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತನ್ನು ತಡೆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಳ ಕೆಲಸವನ್ನೇ ಕೆಲಕಾಲ ನಿಲ್ಲಿಸಿತು. ಅದೇ ಮಣ್ಣು ತೋರಣಗಲ್ಲಿನ ಕುಲುಮೆಯಲ್ಲಿ ಉಕ್ಕಾದಾಗ ಅದರ ಬೆಲೆಯೇ ಬೇರೆ. ಮಣ್ಣನ್ನು ಮಾರುವುದಕ್ಕೂ ಅದನ್ನು ಲೋಹವಾಗಿಸುವುದಕ್ಕೂ ಇರುವ ಈ ಅಂತರವೇ ಇಂದು ಇನ್ನೊಂದು ಬಗೆಯ ಖನಿಜದಲ್ಲಿ ಇಡೀ ದೇಶವನ್ನು ಕಾಡುತ್ತಿದೆ.

ವಿರಳ ಭಸ್ಮ ಧಾತುಗಳೆಂಬ 17 ಮೂಲವಸ್ತುಗಳಿವೆ. ಹೆಸರು ತುಸು ದಾರಿ ತಪ್ಪಿಸುವಂಥದು. ಅವುಗಳಲ್ಲೊಂದಾದ ಸೀರಿಯಂ ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಇವು ಒಂದೆಡೆ ದಟ್ಟವಾಗಿ ದೊರೆಯುವುದು ಅಪರೂಪ. ದೊರೆತರೂ ಗುಣದಲ್ಲಿ ಒಂದನ್ನೊಂದು ಅವಳಿಗಳಂತೆ ಹೋಲುವುದರಿಂದ ಬಿಡಿಸುವುದು ಬಲು ಕಷ್ಟ. ದ್ರಾವಣಗಳಲ್ಲಿ ಮತ್ತೆ ಮತ್ತೆ ಹಾಯಿಸಿ ಬೇರ್ಪಡಿಸಬೇಕು. ಇವುಗಳ ಪೈಕಿ ನಿಯೋಡಿಮಿಯಮ್ಮನ್ನು ಕಬ್ಬಿಣ, ಬೋರಾನುಗಳೊಡನೆ ಬೆರೆಸಿ ಮಾಡಿದ ಅಯಸ್ಕಾಂತ ಗಾತ್ರದಲ್ಲಿ ಕಿರಿದು, ಬಲದಲ್ಲಿ ಹಿರಿದು. ಇಂದಿನ ಬಹುಪಾಲು ವಿದ್ಯುತ್ ವಾಹನಗಳು ಓಡುವುದು ಅದರ ಬಲದಿಂದ.

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ಮಾತು ನಮ್ಮ ಕಾವ್ಯಗಳಲ್ಲಿ ಹಳೆಯದು. ನಮ್ಮಲ್ಲಿ ಹಾಲಿಗೆ ಕೊರತೆಯಿಲ್ಲ. ಕೇರಳ, ತಮಿಳುನಾಡು, ಆಂಧ್ರ, ಒಡಿಶಾಗಳ ಕಡಲ ಮರಳಿನಲ್ಲಿ ಈ ಧಾತುಗಳಿರುವ ಮೋನಜೈಟ್ ಹೇರಳವಾಗಿದೆ. ಅದನ್ನು ಸಂಸ್ಕರಿಸಲೆಂದು 1950ರಷ್ಟು ಹಿಂದೆಯೇ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಹುಟ್ಟಿತು. ಮೋನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ಅಣುಶಕ್ತಿಯ ಕಟ್ಟುಪಾಡಿಗೂ ಒಳಪಟ್ಟಿತು. ಆದರೂ ಅಯಸ್ಕಾಂತಕ್ಕಾಗಿ ನಾವು ಚೀನಾದತ್ತ ನೋಡುವುದು ತಪ್ಪಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ದೇಶ ಏಳು ಧಾತುಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿಯ ಕಟ್ಟು ಹಾಕಿದಾಗ ನಮ್ಮ ವಾಹನ ತಯಾರಕರು ತಳಮಳಗೊಂಡರು.

ದಾರಿಗಳಿಲ್ಲದಿಲ್ಲ. 2023ರಲ್ಲಿ ವಿಶಾಖಪಟ್ಟಣದಲ್ಲಿ ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತದ ಚಿಕ್ಕ ಸ್ಥಾವರವೊಂದು ಲೋಕಾರ್ಪಣೆಯಾಯಿತು. ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಗುರಿಯಿಟ್ಟು 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ಕೆಟ್ಟ ಮೋಟಾರುಗಳಿಂದ ಧಾತುಗಳನ್ನು ಮರಳಿ ಪಡೆಯಬಹುದು. ಇನ್ನು ಕಬ್ಬಿಣದ ಆಕ್ಸೈಡಿನಿಂದಾಗುವ ಫೆರೈಟ್ ಅಯಸ್ಕಾಂತಕ್ಕೆ ವಿರಳ ಧಾತುಗಳೇ ಬೇಡ. ಬಲ ಕಡಿಮೆ, ಅದಕ್ಕೆ ತಕ್ಕಂತೆ ಗಾತ್ರ ಹೆಚ್ಚು. ಎಷ್ಟೋ ಮನೆಗಳ ರೇಡಿಯೋದಲ್ಲಿ ಧ್ವನಿಯನ್ನು ಹೊರಡಿಸುವುದು ಅಂಥ ಅಯಸ್ಕಾಂತವೇ.

ಮರಳನ್ನು ಅಗೆಯುವ ಮೊದಲು ಸಂಡೂರಿನ ಬೆಟ್ಟಗಳತ್ತ ಒಮ್ಮೆ ನೋಡುವುದು ಒಳ್ಳೆಯದು. ಅಗೆತದ ಗಾಯ ಅಗೆದ ನೆಲದಲ್ಲೇ ಉಳಿಯುತ್ತದೆ. ಕಡಲ ತಡಿಯವರು ಆ ಗಾಯವನ್ನು ಸಹಿಸಬೇಕಾದರೆ, ಬಿಡಿಸುವ ವಿದ್ಯೆಯೂ ಅದರ ಫಲವೂ ಈ ನೆಲದಲ್ಲೇ ಉಳಿಯಬೇಕು.