ದೊಡ್ಡಕರುಳಿನ ಪರೀಕ್ಷೆ: ಎಚ್ಚರವೋ, ಮಂಪರೋ, ನಿದ್ದೆಯೋ?

ಹೇಳಿಕೊಳ್ಳಲು ಸಂಕೋಚ, ಹೇಳದಿದ್ದರೆ ಸಂಕಟ. ಮಲದಲ್ಲಿ ರಕ್ತ ಕಂಡು ಎಂಟು ತಿಂಗಳಾದರೂ ನಾನು ಬಾಯಿಬಿಟ್ಟಿರಲಿಲ್ಲ. ಮೂಲವ್ಯಾಧಿ ಇರಬೇಕೆಂದು ಮಜ್ಜಿಗೆ ಕುಡಿದು ಕಾಲ ಕಳೆದೆ. ಕೊನೆಗೆ ನಮ್ಮತ್ತಿಯವರೇ, "ಯಾಕವ್ವ, ಮಾರಿ ಹಿಂಗ ಬೆಳ್ಳಗಾಗ್ಯಾದ?" ಎಂದು ಕೇಳಿ ಚಿತ್ತಾಪುರದಿಂದ ಕಲಬುರಗಿಗೆ ಕಳಿಸಿದರು.

ಕೊಲೊನೋಸ್ಕೋಪಿ ಆಗಬೇಕೆಂದರು ಡಾಕ್ಟರು. ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದಿಂದ ಹಾಕಿ ದೊಡ್ಡಕರುಳು ನೋಡುವುದು. ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ. ನನಗೆ ಎದೆ ಹೊಡೆದುಕೊಂಡಿತು. ನೆರೆಮನೆಯಾಕೆಗೆ ಬೇರೆಲ್ಲೋ ಏನೂ ಕೇಳದೆ ಎಚ್ಚರದಲ್ಲೇ ಮಾಡಿದ್ದರು, ಆಕೆ ಕೂಗಿಕೊಂಡಿದ್ದಳು. ಹೀಗಾಗಿ ನಾಚಿಕೆ ಬಿಟ್ಟು ನಾನೇ ಕೇಳಿದೆ, "ನೋವು ಆಗದಂಗ ಏನ್ ಮಾಡ್ತೀರಿ ಸರ್?"

ಎಚ್ಚರದಲ್ಲೇ ಮಾಡಿಸಿಕೊಳ್ಳುವವರೂ ಇದ್ದಾರಂತೆ. ಗಾಳಿ ತುಂಬಿದಾಗ, ಕರುಳು ತಿರುಗುವ ಕಡೆ ಮುರಿತ ಬರುತ್ತದೆ. ಆದರೆ ಮುಗಿದ ಕೂಡಲೇ ಎದ್ದು ಬಸ್ಸು ಹತ್ತಬಹುದು, ಖರ್ಚೂ ಕಡಿಮೆ. ನನ್ನ ಗರ್ಭಕೋಶ ತೆಗೆದಿದೆ ಎಂದಾಗ ಮಾತ್ರ ಡಾಕ್ಟರು ತಲೆಯಾಡಿಸಿದರು. ಅಂಥವರಿಗೆ ಕರುಳು ಅಲ್ಲಲ್ಲಿ ಅಂಟಿಕೊಂಡು ನೋವು ಹೆಚ್ಚಾಗುವುದುಂಟು. ಇದನ್ನು ತಾವಾಗಿ ಹೇಳಬೇಕು ನೋಡಿ, ಎಲ್ಲರೂ ಕೇಳುವುದಿಲ್ಲ.

ಎರಡನೆಯದು ಮಂಪರು. ಮಿಡಜೋಲಾಮ್, ಜೊತೆಗೆ ನೋವಿಗೆ ಫೆಂಟಾನಿಲ್. ಕರೆದರೆ ಓಗೊಡುತ್ತೇವೆ, ಆಮೇಲೆ ಬಹಳಷ್ಟು ನೆನಪಿರುವುದಿಲ್ಲ. ಹೆಚ್ಚಾದರೆ ಇಳಿಸುವ ಮದ್ದೂ ಉಂಟು. ಆದರೆ ತಲೆ ಭಾರ ಕೆಲವು ಗಂಟೆ ಬಿಡದು.

ಮೂರನೆಯದು ಪ್ರೊಪೊಫಾಲ್, ಹಾಲಿನಂತೆ ಬೆಳ್ಳಗಿರುವ ಮದ್ದು. ನಿಮಿಷದೊಳಗೆ ನಿದ್ದೆ, ನಿಲ್ಲಿಸಿದರೆ ಬೇಗ ಎಚ್ಚರ. ಕಂಡುಹಿಡಿದ ಜಾನ್ ಗ್ಲೆನ್ ಪಶುವೈದ್ಯರು. 2018ರಲ್ಲಿ ಇದಕ್ಕೇ ಲಾಸ್ಕರ್ ಪ್ರಶಸ್ತಿ ಬಂತು. ಆದರೆ ಉಸಿರು, ರಕ್ತದೊತ್ತಡ ಕುಗ್ಗಬಹುದು, ಇಳಿಸುವ ಮದ್ದಿಲ್ಲ. ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ಇರಬೇಕು, ಅವರ ಫೀಸು ಬೇರೆ. "ಗೊರಕೆ ಹೊಡೀತೀರಾ?" ಎಂದು ಅವರು ಕೇಳಿದಾಗ ನನಗಿಂತ ಮೊದಲೇ ನಮ್ಮವರು "ಹೌದ್ರೀ" ಅಂದರು! ಗೊರಕೆಯವರಿಗೆ ಉಸಿರಿನ ಮೇಲೆ ಹೆಚ್ಚು ನಿಗಾ ಬೇಕಂತೆ. ಅರಿವಳಿಕೆಯವರು ಇದ್ದುದರಿಂದ ನಾನು ಇದನ್ನೇ ಒಪ್ಪಿದೆ. ಮದ್ದು ಏರುವಾಗ ಕೈ ಉರಿಯಿತು, ಅಷ್ಟೇ.

ನಿಜವಾದ ಕಷ್ಟ ಹಿಂದಿನ ರಾತ್ರಿಯದು. ಭೇದಿಯ ನೀರು ಲೋಟಗಟ್ಟಲೆ ಕುಡಿದು ಬಚ್ಚಲಿಗೆ ಓಡಾಟ. ಎರಡು ದಿನ ಮುಂಚಿನಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಂದ್. ಮೆತ್ತನೆ ಅನ್ನ, ಆಮೇಲೆ ಬರೀ ತಿಳಿನೀರು. ಸಕ್ಕರೆ ಕಾಯಿಲೆಯವರು ಗುಳಿಗೆ ಯಾವಾಗ ನಿಲ್ಲಿಸಬೇಕೆಂದು ಮೊದಲೇ ಕೇಳಿ. ನಿದ್ದೆಯ ಮದ್ದು ತೆಗೆದುಕೊಂಡ ದಿನ ಗಾಡಿ ಓಡಿಸುವಂತಿಲ್ಲ, ಕಾಗದಕ್ಕೆ ಸಹಿ ಹಾಕುವಂತಿಲ್ಲ, ಮನೆಯವರೊಬ್ಬರು ಜೊತೆಗಿರಲೇಬೇಕು.

ತೊಗರಿಕಾಳಿನಷ್ಟು ಗಂಟೊಂದು ಸಿಕ್ಕಿತು, ಅಲ್ಲೇ ತೆಗೆದರು. ವಾರದ ಮೇಲೆ ವರದಿ ಬಂತು: ಕ್ಯಾನ್ಸರ್ ಅಲ್ಲ. ಅತ್ತಿಯವರು ಅಂದು ನನಗೆ ಒಲೆ ಹಚ್ಚಲು ಬಿಡಲಿಲ್ಲ.